ಕೊನೆಯ ಸಾಲಿನಿಂದ ಹೊರಡುವ ಆಟ

ಒಗಟು ಹೇಳುವವನಿಗೆ ಉತ್ತರ ಮೊದಲೇ ತಿಳಿದಿರುತ್ತದೆ. ಬಿಡಿಸುವವನಿಗೆ ಅದು ಕೊನೆಯಲ್ಲಿ ದೊರೆಯುತ್ತದೆ. ತೀರ ಸಾಮಾನ್ಯವೆಂದು ತೋರುವ ಈ ಸಂಗತಿಯಲ್ಲಿ ಒಂದು ರಚನಾಸೂತ್ರವೇ ಅಡಗಿದೆ. ಗಣಕದ ತೆರೆಯ ಮೇಲೆ ಆಡುವ ಒಂದು ಬಗೆಯ ಒಗಟಿನ ಆಟವನ್ನು ಎರಡೇ ದಿನಗಳ ಗಡುವಿನಲ್ಲಿ ಕಟ್ಟಿ ಮುಗಿಸುವುದು ಹೇಗೆ ಎಂಬುದನ್ನು ಈ ಸೂತ್ರದ ಬೆಳಕಿನಲ್ಲಿ ವಿಚಾರ ಮಾಡಬಹುದು.

ಈ ಆಟದಲ್ಲಿ ಓಟವಿಲ್ಲ, ಗುಂಡಿನ ಸದ್ದಿಲ್ಲ. ತೆರೆಯ ಮೇಲೆ ಒಂದು ಚಿತ್ರವಿರುತ್ತದೆ. ಆಡುವವನು ಬೇಕಾದ ಕಡೆಗೆ ಬಾಣದ ಗುರುತನ್ನು ಒಯ್ದು ಒತ್ತುತ್ತಾನೆ. ಒತ್ತಿದಲ್ಲಿ ಬಾಗಿಲು ತೆರೆದೀತು, ಒಬ್ಬರು ಮಾತಾಡಿಯಾರು, ಒಂದು ವಸ್ತು ಕೈಸೇರೀತು. ಆ ವಸ್ತುವನ್ನು ಸರಿಯಾದ ತಾಣದಲ್ಲಿ ಬಳಸಿದರೆ ಕಥೆ ಮುಂದುವರಿಯುತ್ತದೆ. ಇದರ ವಂಶಾವಳಿ ದೊಡ್ಡದೇನೂ ಅಲ್ಲ. 1970ರ ದಶಕದ ನಡುವೆ ಅಮೆರಿಕದ ವಿಲ್ ಕ್ರೌದರ್ ತಾನು ಕಂಡ ಕೆಂಟಕಿಯ ಗುಹೆಗಳನ್ನು ಆಧರಿಸಿ ಬರೀ ಮಾತುಗಳ ಆಟವೊಂದನ್ನು ರಚಿಸಿದ. ಡಾನ್ ವುಡ್ಸ್ 1977ರಲ್ಲಿ ಅದನ್ನು ಹಿಗ್ಗಿಸಿದ. 1980ರಲ್ಲಿ ರಾಬರ್ಟಾ ವಿಲಿಯಮ್ಸ್ ಮತ್ತು ಆಕೆಯ ಪತಿ ಕೆನ್ ಇಂಥ ಆಟಕ್ಕೆ ರೇಖಾಚಿತ್ರಗಳನ್ನು ಸೇರಿಸಿದರು. ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ 1987ರಲ್ಲಿ ಹೊರತಂದ ‘ಮೇನಿಯಾಕ್ ಮ್ಯಾನ್ಷನ್’ ಆಟದಲ್ಲಿ ಆಡುವವನು ಅಪ್ಪಣೆಗಳನ್ನು ಅಕ್ಷರ ಕುಟ್ಟಿ ತಿಳಿಸಬೇಕಾಗಿರಲಿಲ್ಲ. ತೋರಿಸಿ ಒತ್ತಿದರೆ ಸಾಕಾಗಿತ್ತು.

ಇನ್ನು ಗಡುವಿನ ಮಾತು. ಒಂದು ವಿಷಯವನ್ನು ಆ ಕ್ಷಣದಲ್ಲಿ ಪ್ರಕಟಿಸಿ, 48 ಗಂಟೆಗಳೊಳಗೆ ಆಟ ರಚಿಸಿರೆಂದು ಕರೆ ಕೊಡುವ ಕೂಟಗಳಿವೆ. ‘ಲುಡುಮ್ ಡೇರ್’ 2002ರಲ್ಲಿ ಮೊದಲಾಯಿತು. ‘ಗ್ಲೋಬಲ್ ಗೇಮ್ ಜಾಮ್’ 2009ರಲ್ಲಿ. ಈ ಎರಡನೆಯದರಲ್ಲಿ 2013ರಂದು ಕೊಟ್ಟ ವಿಷಯ ಮಾತೂ ಆಗಿರಲಿಲ್ಲ, ಚಿತ್ರವೂ ಆಗಿರಲಿಲ್ಲ. ಬರೀ ಎದೆಬಡಿತದ ಸದ್ದು. ಅದನ್ನು ಕೇಳಿಸಿಕೊಂಡು ಆಟ ಕಟ್ಟಬೇಕು.

ಇದನ್ನು ಕೇಳಿದಾಗ ಕನ್ನಡಿಗರಿಗೆ ಅವಧಾನ ನೆನಪಾಗುವುದು ಸಹಜ. ಅಷ್ಟಾವಧಾನದ ಪೃಚ್ಛಕರಲ್ಲಿ ಒಬ್ಬರು ಸಮಸ್ಯೆ ಒಡ್ಡುತ್ತಾರೆ: ಅರ್ಥವಿಲ್ಲದಂತೆ, ಇಲ್ಲವೆ ಅನರ್ಥವೆಂಬಂತೆ ಕಾಣುವ ಪದ್ಯದ ಕೊನೆಯ ಸಾಲು. ಅವಧಾನಿ ಹಿಂದಿನ ಮೂರು ಸಾಲುಗಳನ್ನು ಕಟ್ಟಿ, ಆ ಕೊನೆಯ ಸಾಲು ಸಾರ್ಥಕವಾಗುವಂತೆ ಮಾಡಬೇಕು. ನಡುನಡುವೆ ಅಪ್ರಸ್ತುತ ಪ್ರಸಂಗಿಯ ಕಾಟ ಬೇರೆ. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲಿಯೇ ಶತಾವಧಾನ ನಡೆಸಿದಾಗ ಸಹೃದಯರು ಕಂಡದ್ದು ಈ ವಿದ್ಯೆಯ ವಿಸ್ತಾರವನ್ನು. ಅವಧಾನಿಗಿರುವ ಪಾಂಡಿತ್ಯವನ್ನು ಆಟ ಕಟ್ಟುವ ಹುಡುಗರಲ್ಲಿ ನಿರೀಕ್ಷಿಸಬೇಕಾಗಿಲ್ಲ. ಆದರೆ ಕ್ರಮ ಒಂದೇ: ಕೊನೆಯ ಸಾಲನ್ನು ಮೊದಲು ಹಿಡಿದು ಹಿಂದಕ್ಕೆ ನಡೆಯಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ವಾಯವ್ಯದ ಅಂಚಿನಲ್ಲಿ, ಪೀಣ್ಯದ ಕಾರ್ಖಾನೆಗಳಿಂದ ಅನತಿದೂರದಲ್ಲಿ ಚಿಕ್ಕಬಾಣಾವರವಿದೆ. ಒಂದು ಕೆರೆ, ಒಂದು ರೈಲು ನಿಲ್ದಾಣ, ಸುತ್ತ ಕಾಲೇಜುಗಳು, ಬಾಡಿಗೆ ಕೋಣೆಗಳಲ್ಲಿ ವಿದ್ಯಾರ್ಥಿಗಳು. ತುಮಕೂರಿನ ಹಳಿಯಿಂದ ನೆಲಮಂಗಲ, ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಹೋಗುವ ಹಳಿ ಕವಲೊಡೆಯುವುದು ಇಲ್ಲಿಯೇ. ಆ ಮಾರ್ಗ ಹಾಸನದವರೆಗೆ ಪೂರ್ಣಗೊಂಡದ್ದು 2017ರಲ್ಲಿ. ನಮ್ಮ ಆಟಕ್ಕೆ ಇಷ್ಟೆಲ್ಲ ಬೇಡ. ನಿಲ್ದಾಣ, ಚಹಾದಂಗಡಿ, ಕೆರೆಯ ಏರಿ, ಈ ಮೂರು ದೃಶ್ಯಗಳು ಸಾಕು. ಕೂಟ ಕೊಟ್ಟ ವಿಷಯ ‘ಹೊತ್ತು’ ಎಂದಿರಲಿ. ಕಥೆಯ ಕಾಲ 1980ರ ಸುಮಾರು. ಎಲ್ಲರ ಜೇಬಿನಲ್ಲೂ ಫೋನಿರುವ ಕಾಲದಲ್ಲಿ ಹೊತ್ತು ತಿಳಿಯುವುದು ಒಂದು ಸಮಸ್ಯೆಯೇ ಆಗುವುದಿಲ್ಲ.

ಕೊನೆಯ ಸಾಲು ಇದು: ನಸುಕಿನಿಂದ ಬೆಂಚಿನ ಮೇಲೆ ಕುಳಿತಿರುವ ಒಬ್ಬ ಅಜ್ಜಿ ಅರಸೀಕೆರೆಯ ಕಡೆಗೆ ಹೋಗುವ ರೈಲನ್ನು ಹತ್ತುತ್ತಾಳೆ. ಈಗ ಹಿಂದಕ್ಕೆ ಹೋಗೋಣ. ಆಕೆ ಏಕೆ ಹತ್ತುತ್ತಿಲ್ಲ? ತೀರಿಹೋದ ಗಂಡನ ಎಚ್.ಎಂ.ಟಿ. ಗಡಿಯಾರ ನಿಂತಿದೆ, ಅದು ನಡೆಯದೆ ತಾನು ಊರಿಗೆ ಹೊರಡುವುದಿಲ್ಲವೆಂದು ಆಕೆಯ ಹಟ. ಇಲ್ಲಿಗೆ ಹತ್ತಿರದ ಜಾಲಹಳ್ಳಿಯಲ್ಲಿಯೇ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಆದ್ದರಿಂದ ಈ ವಸ್ತು ಆ ಸ್ಥಳಕ್ಕೆ ಒಪ್ಪುತ್ತದೆ. ಗಡಿಯಾರ ಸರಿಹೋಗಲು ಎರಡು ಬೇಕು: ಕೀ ಕೊಡುವುದು, ಸರಿಯಾದ ಹೊತ್ತು ತಿಳಿಯುವುದು. ಮಾಸ್ತರರ ಕೋಣೆಯ ಗಡಿಯಾರ ರಿಪೇರಿಗೆ ಹೋಗಿದೆ. ಚಹಾದಂಗಡಿಯಲ್ಲಿ ರೇಡಿಯೋ ಉಂಟು. ವಾರ್ತೆಯ ವೇಳೆಗೆ ಹೊತ್ತು ಗೊತ್ತಾಗುತ್ತದೆ, ಆದರೆ ಅದರ ಸೆಲ್ ಮುಗಿದಿದೆ. ಕೆರೆಯ ಏರಿಯ ಮೇಲೆ ರಾತ್ರಿ ಕಾವಲು ಮುಗಿಸಿ ಚಳಿಯಲ್ಲಿ ಕುಳಿತವನ ಟಾರ್ಚಿನಲ್ಲಿ ಸೆಲ್ ಇದೆ. ಅವನಿಗೆ ಬೇಕಾದದ್ದು ಒಂದು ಲೋಟ ಚಹಾ. ಹಿಂದಕ್ಕೆ ಬಂದ ದಾರಿ ಇಲ್ಲಿಗೆ ಮುಗಿಯಿತು. ಆಡುವವನ ದಾರಿ ಇಲ್ಲಿಂದ ಮೊದಲಾಗುತ್ತದೆ.

ಈ ಸರಪಳಿಯನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಚಿತ್ರ ಬಿಡಿಸುವ ಮೊದಲೇ ಎಲ್ಲಿ ಕೊಂಡಿ ತಪ್ಪಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅಷ್ಟೇ ಅಲ್ಲ, ಆಟದ ಅಳತೆಯೂ ತಿಳಿಯುತ್ತದೆ. ನಮ್ಮ ಆಟದಲ್ಲಿ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳು ಮೂರು: ಲೋಟ, ಸೆಲ್, ಗಡಿಯಾರ. ಮುಟ್ಟಬಹುದಾದ ತಾಣಗಳು ಹತ್ತು ಎಂದುಕೊಳ್ಳಿ. ಯಾವ ವಸ್ತುವನ್ನು ಯಾವ ತಾಣದ ಮೇಲಾದರೂ ಪ್ರಯೋಗಿಸಿ ನೋಡುವ ಹಕ್ಕು ಆಡುವವನಿಗಿದೆ. ಅಲ್ಲಿಗೆ 30 ಜೋಡಿಗಳಾದವು. ಅವುಗಳಲ್ಲಿ ಕಥೆಯನ್ನು ಮುನ್ನಡೆಸುವವು ಮೂರೇ: ಕಾವಲುಗಾರನಿಗೆ ಚಹಾ, ರೇಡಿಯೋಗೆ ಸೆಲ್, ಅಜ್ಜಿಗೆ ಗಡಿಯಾರ. ಉಳಿದ 27ಕ್ಕೂ ಏನಾದರೊಂದು ಮಾತು ಬರೆದಿಡಬೇಕು. ಆರು ವಸ್ತು, ಇಪ್ಪತ್ತು ತಾಣ ಎಂದು ಆಸೆಪಟ್ಟರೆ ಜೋಡಿಗಳು 120 ಆಗುತ್ತವೆ. ಇಂಥ ಆಟ ಕೂಡುತ್ತ ಬೆಳೆಯುವುದಿಲ್ಲ, ಗುಣಿಸುತ್ತ ಬೆಳೆಯುತ್ತದೆ. ಎರಡು ದಿನಗಳ ಗಡುವಿನಲ್ಲಿ ಆಟಗಳು ಅರ್ಧಕ್ಕೆ ನಿಲ್ಲಲು ಈ ಗುಣಾಕಾರವೇ ಮುಖ್ಯ ಕಾರಣವೆನ್ನಬಹುದು.

ಎರಡನೆಯ ಮಾತು ನ್ಯಾಯದ್ದು. ಒಗಟಿನ ಉತ್ತರ ಕೇಳಿದಾಗ ‘ಅರೆ, ನನಗೆ ಹೊಳೆಯಬೇಕಾಗಿತ್ತಲ್ಲ’ ಎನ್ನಿಸಬೇಕು. 1999ರಲ್ಲಿ ಬಂದ ‘ಗೇಬ್ರಿಯಲ್ ನೈಟ್’ ಸರಣಿಯ ಮೂರನೆಯ ಆಟದಲ್ಲಿ ನಾಯಕನು ಇನ್ನೊಬ್ಬನ ವೇಷ ಹಾಕಲು ಬೆಕ್ಕಿನ ಕೂದಲನ್ನು ಪಾಕದಿಂದ ಅಂಟಿಸಿ ಮೀಸೆ ಮಾಡಿಕೊಳ್ಳಬೇಕು. ವಿಚಿತ್ರವೆಂದರೆ ಆ ಇನ್ನೊಬ್ಬನಿಗೆ ಮೀಸೆಯೇ ಇಲ್ಲ. ಅವನ ಭಾವಚಿತ್ರದ ಮೇಲೂ ಮೀಸೆ ಗೀಚಬೇಕು! ಆಡುವವರ ಬಳಗದಲ್ಲಿ ಈ ಮೀಸೆ ಇಂದಿಗೂ ಅಪಹಾಸ್ಯದ ವಸ್ತು. ಜಾಣ್ಮೆ ಕಡಿಮೆಯಾಗಿ ಅದು ಕೆಟ್ಟಿತೆನ್ನಲಾಗದು. ರಚನಕಾರನ ತಲೆಯಲ್ಲಿದ್ದ ಕೊಂಡಿ ಆಡುವವನ ಕಣ್ಣೆದುರು ಎಲ್ಲಿಯೂ ಇರಲಿಲ್ಲ.

ನಮ್ಮ ಅಜ್ಜಿಯ ಗಡಿಯಾರದಲ್ಲಿಯೂ ಇಂಥ ಅಪಾಯವುಂಟು. ಕೈಗಡಿಯಾರಕ್ಕೆ ದಿನವೂ ಕೀ ಕೊಡಬೇಕೆಂಬುದು ಇಂದಿನ ಇಪ್ಪತ್ತರ ಹುಡುಗಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಅಜ್ಜಿಯ ಬಾಯಲ್ಲಿ ಒಂದು ಮಾತು ಬರಬೇಕು: ‘ಬೆಳಗ್ಗೆ ಎದ್ದ ಕೂಡಲೇ ಅವರು ಇದಕ್ಕೆ ಕೀ ಕೊಡೋರು ಮಗಾ, ನಾನು ಒಂದು ದಿನವೂ ಮುಟ್ಟಿದೋಳಲ್ಲ.’ ಇದು ಸುಳಿವೂ ಹೌದು, ಅಜ್ಜಿಯ ಬಾಳಿನ ಕಥೆಯೂ ಹೌದು. ಒಂದೇ ಮಾತಿನಲ್ಲಿ ಎರಡೂ ಕೆಲಸ ನಡೆದಾಗ ಒಗಟು ಕಥೆಗೆ ಅಂಟಿಸಿದ ತೇಪೆಯಾಗಿ ಉಳಿಯದೆ ಕಥೆಯ ಉಸಿರೇ ಆಗುತ್ತದೆ.

ಗಂಟೆಗಳ ಹಂಚಿಕೆಯನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲ ನಾಲ್ಕು ಗಂಟೆ ಕಾಗದ ಮತ್ತು ಮಾತುಕತೆಗೆ. ಮೊದಲ ದಿನ ಮುಗಿಯುವುದರೊಳಗೆ ಬಣ್ಣವಿಲ್ಲದ ಬರೀ ಚೌಕಗಳಲ್ಲಾದರೂ ಆಟ ಮೊದಲಿನಿಂದ ಕೊನೆಯವರೆಗೆ ಆಡಲು ಬರಬೇಕು. ಚಿತ್ರ, ಸದ್ದು, ಸೊಗಸು ಎರಡನೆಯ ದಿನಕ್ಕೆ. ಕೊನೆಯ ಎಂಟು ಗಂಟೆ ಹೊಸದೇನನ್ನೂ ಸೇರಿಸಬಾರದು. ಆಟವನ್ನು ಕಂಡರಿಯದ ಒಬ್ಬರನ್ನು ಕೂರಿಸಿ, ಅವರು ಎಲ್ಲಿ ತಡವರಿಸುತ್ತಾರೆಂದು ಬಾಯಿ ಮುಚ್ಚಿಕೊಂಡು ನೋಡಬೇಕು. ನಡುವೆ ನಿದ್ದೆಯೂ ಇರಲಿ. ನಿದ್ದೆಗೆಟ್ಟವನಿಗೆ ತನ್ನ ಒಗಟು ತನಗೇ ನ್ಯಾಯವೆಂದು ತೋರುತ್ತದೆ.

ಕನ್ನಡದಲ್ಲಿ ಆಟ ಕಟ್ಟುವವರಿಗೆ ಇನ್ನೊಂದು ತೊಡಕಿದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದ್ದರೂ, ಆಟ ಕಟ್ಟುವ ಎಲ್ಲ ಸಲಕರಣೆಗಳಿಗೂ ಒತ್ತಕ್ಷರ ಕೂಡಿಸುವ ವಿದ್ಯೆ ಬಾರದು. ‘ಅಜ್ಜಿ’ ಎಂದು ಬರೆದರೆ ಜಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತುಬಿಡುತ್ತದೆ. ಬೆಕೆಟ್‌ನ ನಾಟಕದಿಂದ ಹೆಸರು ಪಡೆದ ‘ಗೋಡೋ’ ಎಂಬ ಉಚಿತ ಸಲಕರಣೆ 2023ರ ನಾಲ್ಕನೆಯ ಆವೃತ್ತಿಯಿಂದ ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಬೇರೆ ಸಲಕರಣೆ ಹಿಡಿದವರು ಮೊದಲ ಗಂಟೆಯಲ್ಲಿಯೇ ‘ಸ್ತ್ರೀ’, ‘ಕ್ಷಣ’ ಎಂಬ ಎರಡು ಶಬ್ದಗಳನ್ನು ತೆರೆಯ ಮೇಲೆ ಮೂಡಿಸಿ ನೋಡಲಿ. ಮೂಡದಿದ್ದರೆ ಮಾತುಗಳನ್ನು ಚಿತ್ರವಾಗಿ ಬರೆದು ಕೂಡಿಸುವ ದಾರಿಯುಂಟು. ಕೊನೆಯ ಗಂಟೆಯಲ್ಲಿ ಇದು ಗೊತ್ತಾದರೆ, ಅಜ್ಜಿ ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತದೆ.

ಹಾಗಾಗುವುದು ಸಣ್ಣ ನಷ್ಟವಲ್ಲ. 1997ರಲ್ಲಿ ಧ್ರುವ ಇಂಟರ್‍ಯಾಕ್ಟಿವ್ ಸಂಸ್ಥೆ ಆರಂಭವಾದಂದಿನಿಂದ ಬೆಂಗಳೂರಿನ ಕಲಾವಿದರು ಹೊರದೇಶದ ಆಟಗಳಿಗೆ ಬಣ್ಣ ತುಂಬುತ್ತ ಬಂದಿದ್ದಾರೆ. ಕೈಚಳಕಕ್ಕೆ ಇಲ್ಲಿ ಕೊರತೆಯಿಲ್ಲ. ಒಗಟು ಹೇಳಿ ಬಿಡಿಸುವ ಜಾಣ್ಮೆಗೂ ನಮ್ಮ ಹಳ್ಳಿಗಳಲ್ಲಿ ಕೊರತೆಯಿರಲಿಲ್ಲ. ಎರಡೂ ಒಂದೆಡೆ ಸೇರಲು ದೊಡ್ಡ ಬಂಡವಾಳ ಬೇಕಿಲ್ಲ. ಒಂದು ವಾರಾಂತ್ಯ, ಮೂರು ದೃಶ್ಯ, ಮೂರು ವಸ್ತು ಸಾಕು. ಗಡುವು ಕಿತ್ತುಕೊಳ್ಳುವುದು ವಿಸ್ತಾರವನ್ನು. ಕೊನೆಯ ಸಾಲು ಯಾವುದೆಂದು ಮೊದಲೇ ಬಲ್ಲವನಿಗೆ ಅದರಿಂದ ಹೆಚ್ಚಿನ ಹಾನಿಯಿಲ್ಲ.