ಹೊರಗೆ ನೋಡದೆ ನೆಲೆಯನ್ನರಿಯುವ ಯಂತ್ರ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ಕಡೆಗೆ ಸಾಗುವ ಬಸ್ಸಿನೊಳಗೆ ಕಣ್ಣು ಮುಚ್ಚಿ ಕುಳಿತ ಪ್ರಯಾಣಿಕನಿಗೂ, ಚಾಲಕನು ಬ್ರೇಕು ಹಾಕಿದಾಗ ಮೈ ಮುಂದಕ್ಕೆ ವಾಲುವುದರಿಂದಲೂ, ತಿರುವು ಬಂದಾಗ ಪಕ್ಕದವರ ಭುಜಕ್ಕೆ ಒರಗುವುದರಿಂದಲೂ, ವಾಹನದ ಗತಿಯಲ್ಲಾಗುವ ಪ್ರತಿಯೊಂದು ಮಾರ್ಪಾಡೂ ತಿಳಿಯುತ್ತಲೇ ಇರುತ್ತದೆ. ರಸ್ತೆ ನೇರವಾಗಿ, ಬಸ್ಸಿನ ವೇಗ ಏಕರೀತಿಯಾಗಿ ಇರುವಾಗ ಮಾತ್ರ ಅವನಿಗೆ ಯಾವ ಸುಳಿವೂ ಸಿಕ್ಕದು. ಏಕೆಂದರೆ ನಿಂತ ವಸ್ತು ನಿಂತೇ ಇರಲು, ಚಲಿಸುವ ವಸ್ತು ಅದೇ ವೇಗದಲ್ಲಿ ಅದೇ ದಿಕ್ಕಿಗೆ ಚಲಿಸುತ್ತಲೇ ಇರಲು ಬಯಸುವ ಸ್ವಭಾವ, ಅಂದರೆ ನ್ಯೂಟನ್ 1687ರಲ್ಲಿ ನಿಯಮವಾಗಿ ನಿರೂಪಿಸಿದ ಜಡತ್ವವು, ಬದಲಾವಣೆಯನ್ನಲ್ಲದೆ ಚಲನೆಯನ್ನು ಪ್ರಕಟಿಸುವುದಿಲ್ಲ. ನಮ್ಮ ಒಳಗಿವಿಯಲ್ಲಿ ಪ್ರಕೃತಿಯು ಇಟ್ಟಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಸುಣ್ಣದ ಅತಿಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಚೀಲಗಳು ನೇರ ಚಲನೆಯ ಏರಿಳಿತವನ್ನೂ ಗ್ರಹಿಸುತ್ತವೆ. ಜಡತ್ವವನ್ನಾಧರಿಸಿ ದಾರಿ ಕಾಣುವ ಯಂತ್ರದಲ್ಲಿಯೂ ಇರುವುದು ಇಷ್ಟೇ: ಮೂರು ಗೈರೊಸ್ಕೋಪುಗಳು, ಮೂರು ವೇಗೋತ್ಕರ್ಷ ಮಾಪಕಗಳು, ಒಂದು ಗಡಿಯಾರ, ಲೆಕ್ಕ ಹಾಕುವ ಒಂದು ಗಣಕ.

ಆ ಗಣಕದ ಕೆಲಸ ಎರಡು ಸಲ ಕೂಡುವುದು. ಕ್ಷಣಕ್ಷಣದ ವೇಗೋತ್ಕರ್ಷವನ್ನು ಕೂಡುತ್ತ ಹೋದರೆ ವೇಗ ದೊರೆಯುತ್ತದೆ, ಕ್ಷಣಕ್ಷಣದ ವೇಗವನ್ನು ಕೂಡುತ್ತ ಹೋದರೆ ಕ್ರಮಿಸಿದ ದೂರ ದೊರೆಯುತ್ತದೆ; ಯಾವ ದಿಕ್ಕಿನಲ್ಲಿ ಎಂಬುದನ್ನು ಗೈರೊಸ್ಕೋಪುಗಳು ಹೇಳುತ್ತವೆ. ಹಿಂದೆ ಇದಕ್ಕೆ ವೇಗವಾಗಿ ತಿರುಗುವ ಚಕ್ರವನ್ನು ಬಳಸುತ್ತಿದ್ದರು. ಅದರ ಅಕ್ಷವು ತಾನು ಹಿಡಿದ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲವೆಂಬುದನ್ನು ಫ್ರಾನ್ಸಿನ ಫೂಕೋ 1852ರಲ್ಲಿ ಪ್ರಯೋಗದಿಂದ ತೋರಿಸಿ, ಆ ಉಪಕರಣಕ್ಕೆ ಈಗಿನ ಹೆಸರನ್ನೂ ಇಟ್ಟನು. ಇಂದಿನ ವಿಮಾನಗಳಲ್ಲಿ ಚಕ್ರದ ಬದಲು ಬಹುಮಟ್ಟಿಗೆ ಬೆಳಕೇ ಇದೆ: ಮುಚ್ಚಿದ ಪಥವೊಂದರಲ್ಲಿ ಎದುರುಬದುರು ದಿಕ್ಕಿನಲ್ಲಿ ಸುತ್ತುವ ಎರಡು ಲೇಸರ್ ಕಿರಣಗಳಲ್ಲಿ, ಉಪಕರಣವು ತಿರುಗಿದೊಡನೆ ಒಂದಕ್ಕೆ ದಾರಿ ಕೊಂಚ ಉದ್ದವಾಗಿ ಇನ್ನೊಂದಕ್ಕೆ ಗಿಡ್ಡವಾಗುವುದರಿಂದ ಹುಟ್ಟುವ ವ್ಯತ್ಯಾಸವನ್ನು ಅಳೆಯುತ್ತಾರೆ.

ಈ ಉಪಕರಣದ ಶಕ್ತಿಯೇನು, ಮಿತಿಯೇನು ಎಂಬುದನ್ನು ಅರಿಯಲು ನಮ್ಮ ಸೀಮೆಯ ನಾಲ್ಕು ಊರುಗಳಿಗಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಭೂಮಿಯು ಗಂಟೆಗೆ 15 ಡಿಗ್ರಿಗಿಂತ ತುಸು ಹೆಚ್ಚಾಗಿ ತಿರುಗುತ್ತಿದೆಯಷ್ಟೆ. ನೆಲದ ಮೇಲೆ ಕದಲದೆ ಇಟ್ಟ ಗೈರೊಸ್ಕೋಪು ಕೂಡ ಈ ಭ್ರಮಣವನ್ನು ಗ್ರಹಿಸುತ್ತದೆ. ಹುಣಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ. ಅಲ್ಲಿ ಗೈರೊಸ್ಕೋಪಿನ ಅಕ್ಷವನ್ನು ನೆಲಕ್ಕೆ ಸಮನಾಗಿ ಉತ್ತರಕ್ಕೆ ಹಿಡಿದರೆ ಗಂಟೆಗೆ 14.7 ಡಿಗ್ರಿಯನ್ನೂ, ಪೂರ್ವಕ್ಕೆ ಹಿಡಿದರೆ ಶೂನ್ಯವನ್ನೂ, ನೆಟ್ಟಗೆ ಮೇಲಕ್ಕೆ ಹಿಡಿದರೆ 3.2 ಡಿಗ್ರಿಯನ್ನೂ ತೋರಿಸಬೇಕು. ಆದುದರಿಂದ ಅಯಸ್ಕಾಂತವಿಲ್ಲದೆ, ನಕ್ಷತ್ರವಿಲ್ಲದೆ, ಉಪಕರಣವು ಸುಮ್ಮನೆ ಕುಳಿತಲ್ಲಿಯೇ ಗುರುತ್ವದಿಂದ ಮೇಲುಕೆಳಗನ್ನೂ ಭೂಭ್ರಮಣದಿಂದ ಉತ್ತರವನ್ನೂ ಕಂಡುಕೊಳ್ಳಬಲ್ಲದು. ವಿಮಾನವು ಹೊರಡುವ ಮೊದಲು ಕೆಲವು ನಿಮಿಷಗಳ ಕಾಲ ಅಲುಗದೆ ನಿಲ್ಲಬೇಕಾಗುವುದು ಇದಕ್ಕಾಗಿಯೇ.

ಇನ್ನು ಕೃಷ್ಣರಾಜನಗರವನ್ನೂ ಹೆಗ್ಗಡದೇವನಕೋಟೆಯನ್ನೂ ನೋಡೋಣ. ಕಾವೇರಿಯ ಬಳಿಯ ಮೊದಲನೆಯ ಊರು 12.44 ಡಿಗ್ರಿ ಅಕ್ಷಾಂಶದಲ್ಲಿದ್ದರೆ, ಕಪಿಲೆಯ ಸೀಮೆಯ ಎರಡನೆಯದು 12.09ರಲ್ಲಿದೆ, ಮೇಲ್ಮುಖವಾದ ಗೈರೊಸ್ಕೋಪು ಒಂದು ಕಡೆ 3.24, ಇನ್ನೊಂದು ಕಡೆ 3.15 ಡಿಗ್ರಿಯನ್ನು ಹೇಳುತ್ತದೆ. ಈ ಅಂತರ ಅತ್ಯಲ್ಪವೆಂದು ತೋರಬಹುದು. ಆದರೆ ವಿಮಾನಗಳಲ್ಲಿ ಬಳಸುವ ಉತ್ತಮ ಗೈರೊಸ್ಕೋಪಿನ ದೋಷವು ಗಂಟೆಗೆ ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟು ಮಾತ್ರ. ಅಂತರವು ಅದರ ಒಂಬತ್ತು ಪಟ್ಟಾಯಿತು. ಮುಚ್ಚಿದ ಪೆಟ್ಟಿಗೆಯೊಳಗಿದ್ದುಕೊಂಡೇ ಆ ಯಂತ್ರವು ತಾನಿರುವುದು ಕಾವೇರಿಯ ಊರಿನಲ್ಲೋ ಕಪಿಲೆಯ ಸೀಮೆಯಲ್ಲೋ ಎಂದು ವಿವೇಚಿಸಬಲ್ಲದೆಂಬುದು, ಎಷ್ಟು ಸಲ ಯೋಚಿಸಿದರೂ ನನಗೆ ವಿಸ್ಮಯವನ್ನುಂಟುಮಾಡುತ್ತದೆ.

ಅದೇ ಯಂತ್ರವನ್ನು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಒಯ್ದು, ನಡುವಿನ ದಾರಿಯಲ್ಲಿ ಅದನ್ನು ಆರಿಸಿಟ್ಟು, ತಾನಿರುವುದೆಲ್ಲಿ ಎಂದು ಮತ್ತೆ ಕೇಳಿದರೆ ಅದು ಉತ್ತರಿಸಲಾರದು. ಈ ಎರಡು ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಅವುಗಳ ಭೇದವಿರುವುದು ರೇಖಾಂಶದಲ್ಲಿ. ಒಂದು ಅಕ್ಷಾಂಶದ ಉದ್ದಕ್ಕೂ ಭೂಮಿಯ ಭ್ರಮಣವು ಒಂದೇ ಸಮನಾಗಿರುವುದರಿಂದ ಮೂಡಣ ಪಡುವಣಗಳ ನೆಲೆಯನ್ನು ಅದು ತಿಳಿಸದು. ಆದ ಕಾರಣ ಹೊರಟ ಸ್ಥಳ ಯಾವುದೆಂಬುದನ್ನು ಯಂತ್ರಕ್ಕೆ ಹೊರಗಿನಿಂದಲೇ ಹೇಳಿಕೊಡಬೇಕು. ಆ ಮೇಲೆ ಪಿರಿಯಾಪಟ್ಟಣದವರೆಗೆ ಎಚ್ಚರವಾಗಿದ್ದು ಲೆಕ್ಕವಿಡುವ ಭಾರ ಅದರದು.

ಲೆಕ್ಕವಿಡುವುದರಲ್ಲಿಯೇ ತೊಡಕೂ ಇದೆ. ಎರಡು ಸಲ ಕೂಡುವ ಗಣಿತವು ಸತ್ಯವನ್ನು ಕೂಡಿದಷ್ಟೇ ಶ್ರದ್ಧೆಯಿಂದ ದೋಷವನ್ನೂ ಕೂಡುತ್ತದೆ. ವೇಗೋತ್ಕರ್ಷ ಮಾಪಕದಲ್ಲಿ ಗುರುತ್ವದ ಸಾವಿರದಲ್ಲೊಂದು ಪಾಲಿನಷ್ಟು ತಪ್ಪು ನಿಂತರೆ, ಒಂದು ನಿಮಿಷದಲ್ಲಿ 18 ಮೀಟರಿನಷ್ಟಾಗುವ ಪ್ರಮಾದವು ಹತ್ತು ನಿಮಿಷಗಳಲ್ಲಿ ಒಂದೂಮುಕ್ಕಾಲು ಕಿಲೋಮೀಟರನ್ನು ಮುಟ್ಟುತ್ತದೆ. ಓರೆಯ ದೋಷವಂತೂ ಇನ್ನೂ ಕಠಿನ: ಮಾಪಕಕ್ಕೆ ಗುರುತ್ವದ ಸೆಳೆತಕ್ಕೂ ವಾಹನದ ವೇಗೋತ್ಕರ್ಷಕ್ಕೂ ಭೇದ ತಿಳಿಯದಿರುವುದರಿಂದ, ಉಪಕರಣವು ಒಂದೇ ಒಂದು ಡಿಗ್ರಿ ಓರೆಯಾಗಿದೆಯೆಂಬುದು ಗಣಕಕ್ಕೆ ಗೊತ್ತಾಗದೆ ಹೋದರೆ, ನಿಂತಲ್ಲೇ ನಿಂತ ವಾಹನವು ಒಂದು ನಿಮಿಷದೊಳಗೆ 300 ಮೀಟರು ಹೋಯಿತೆಂದು ಲೆಕ್ಕ ಬರುತ್ತದೆ. ನಮ್ಮ ಕೈಯಲ್ಲಿರುವ ಮೊಬೈಲಿನಲ್ಲಿಯೂ ಈ ಮಾಪಕಗಳಿವೆ, ಅಡ್ಡ ಹಿಡಿದಾಗ ಪರದೆಯು ತಿರುಗುವುದು ಅವುಗಳಿಂದಲೇ. ಆದರೆ ಭೂಭ್ರಮಣವನ್ನು ಗ್ರಹಿಸುವಷ್ಟು ನಯ ಮೊಬೈಲಿನ ಗೈರೊಸ್ಕೋಪುಗಳಿಗಿಲ್ಲ. ಹನಗೋಡಿನ ಮೂಲಕ ನಾಗರಹೊಳೆಯ ಕಾಡನ್ನು ಹೊಕ್ಕವರಿಗೆ ದಾರಿ ತೋರಿಸುವುದು ಉಪಗ್ರಹಗಳೇ ಹೊರತು ಮೊಬೈಲಿನ ಜಡತ್ವಮಾಪಕಗಳಲ್ಲ.

ಇಂತಹ ಯಂತ್ರವನ್ನು ವಿಮಾನದಲ್ಲಿಟ್ಟು 1953ರಲ್ಲಿ ಅಮೆರಿಕದ ಪೂರ್ವ ತೀರದಿಂದ ಪಶ್ಚಿಮಕ್ಕೆ ಹಾರಿಸಿದವರು ಎಂಜಿನಿಯರ್ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್. 1958ರ ಆಗಸ್ಟ್ 3ರಂದು ಉತ್ತರ ಧ್ರುವದ ಹಿಮದಡಿಯಲ್ಲಿ ನುಸುಳಿ ಹೋದ ನಾಟಿಲಸ್ ಜಲಾಂತರ್ಗಾಮಿಗೂ ಇದೇ ಆಸರೆಯಾಗಿತ್ತು. ನಮ್ಮ ದೇಶದಲ್ಲಿ ರಾಕೆಟ್ಟುಗಳಿಗೂ ಉಪಗ್ರಹಗಳಿಗೂ ಇವನ್ನು ನಿರ್ಮಿಸುವುದು ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿರುವ ಇಸ್ರೋ ಸಂಸ್ಥೆಯ ಜಡತ್ವ ವ್ಯವಸ್ಥೆಗಳ ಘಟಕ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರು ಲೇಸರ್ ಗೈರೊಸ್ಕೋಪಿನ ಇಂತಹ ಉಪಕರಣವನ್ನು ಹೊತ್ತು, 2023ರ ಆಗಸ್ಟ್ 23ರ ಸಂಜೆ, ಚಂದ್ರನಿಂದ ಸುಮಾರು 30 ಕಿಲೋಮೀಟರು ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರು ವೇಗದಿಂದ ಇಳಿಯತೊಡಗಿತು. ಬೆಂಗಳೂರಿನಿಂದ ಹೊರಟ ರೇಡಿಯೋ ಸಂದೇಶವು ಚಂದ್ರನನ್ನು ಮುಟ್ಟಲು ಒಂದೂಕಾಲು ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು, ಉತ್ತರ ಬರಲು ಮತ್ತಷ್ಟು. ಅಷ್ಟರೊಳಗೆ ಲ್ಯಾಂಡರು ಮೈಲಿಗಟ್ಟಲೆ ಸರಿದಿರುತ್ತದೆ. ಹಾಗಾಗಿ ಸುಮಾರು 19 ನಿಮಿಷಗಳ ಆ ಇಳಿತವನ್ನು ಲ್ಯಾಂಡರಿನ ಗಣಕಕ್ಕೇ ಒಪ್ಪಿಸಲಾಗಿತ್ತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರು ಇದೇ ಇಳಿತದ ಕೊನೆಯ ಘಟ್ಟದಲ್ಲಿ ನೆಲಕ್ಕಪ್ಪಳಿಸಿತ್ತು. ಅದರ ಬಳಿಕ ಕೈಗೊಂಡ ಸುಧಾರಣೆಗಳಲ್ಲಿ ನನಗೆ ಅತ್ಯಂತ ವಿವೇಕಯುತವೆಂದು ತೋರುವುದು, ಚಂದ್ರನ ನೆಲದ ಮೇಲೆ ಲೇಸರ್ ಬೆಳಕನ್ನು ಬೀರಿ, ಮರಳಿ ಬಂದ ಬೆಳಕಿನ ಬದಲಾವಣೆಯಿಂದ ಲ್ಯಾಂಡರಿನ ವೇಗವನ್ನು ನೇರವಾಗಿ ಅಳೆಯುವ ಮಾಪಕವೊಂದನ್ನು ಹೊಸದಾಗಿ ಸೇರಿಸಿದ್ದು. ಅದರಿಂದಾಗಿ ಜಡತ್ವಯಂತ್ರವು ಕೂಡಿ ಹೇಳಿದ ವೇಗವನ್ನು ನೆಲವೇ ಹೇಳಿದ ವೇಗದೊಡನೆ ತಾಳೆನೋಡಿ ತಿದ್ದಿಕೊಳ್ಳುವುದು ಸಾಧ್ಯವಾಯಿತು.