ಕಾಲೆತ್ತಿದರೆ ನಿಲ್ಲುವ ಎಂಜಿನ್
ಓಡುವಾಗ ಸರಿಯಿದ್ದು, ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಎಂಜಿನ್ ನಿಂತುಹೋಗುವುದು ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ ಓಮ್ನಿಗಳ ಪರಿಚಿತ ವ್ಯಾಧಿ. ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಯಲ್ಲಿ ಇದನ್ನು ಉಪೇಕ್ಷಿಸಲಾಗದು. ಥ್ರಾಟಲ್ ಮುಚ್ಚಿದಾಗ 796 ಸಿಸಿಯ ಈ ಎಂಜಿನ್ನಿಗೆ ಪೆಟ್ರೋಲು ದೊರೆಯುವುದು ಐಡಲ್ ಜೆಟ್ ಎಂಬ ಅತಿ ಕಿರಿದಾದ ರಂಧ್ರದಿಂದ. ಅಲ್ಲಿ ಕಸ ಸಿಕ್ಕಿಕೊಂಡರೆ ಎಂಜಿನ್ ನಿಲ್ಲುತ್ತದೆ. ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವುದು ಸುಲಭೋಪಾಯವೇನೋ ಹೌದು. ಆದರೆ ಅದು ರೋಗವನ್ನು ಮರೆಮಾಚುತ್ತದೆ, ಅಷ್ಟೆ. ಮೊದಲು ಜೆಟ್ ಬಿಚ್ಚಿಸಿ ಶುಚಿಗೊಳಿಸಬೇಕು. ಬಳಿಕ ವ್ಯಾಕ್ಯೂಮ್ ಪೈಪುಗಳನ್ನು ಪರೀಕ್ಷಿಸಬೇಕು: ರಬ್ಬರಿನ ಬಿರುಕಿನಿಂದ ನುಗ್ಗುವ ಗಾಳಿಯೂ ಮಿಶ್ರಣವನ್ನು ಕೆಡಿಸುತ್ತದೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಬಿರಿದ ಪೈಪು ಅದರದೇ ಆಗಿರಬಹುದು. ಆಗ ಪೆಡಲ್ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ನಿಂತರೂ, ಒಂದೆರಡು ಬಾರಿ ಒತ್ತಿದ ಮೇಲೆ ಅದೇ ಗತಿ. ಅಂಥ ಗಾಡಿಯನ್ನು ದುರಸ್ತಿಯಾಗುವವರೆಗೆ ಮಕ್ಕಳ ಓಡಾಟಕ್ಕೆ ಬಳಸಕೂಡದು.