ಸಾಂಕ್ರಾಮಿಕ ಬಂದಾಗ ನೆರೆಯವರು ಯಾರು?

ಕುಂದಾಪುರದಿಂದ ಬೈಂದೂರು ದಾಟಿ ಉತ್ತರಕ್ಕೆ ಹೋದರೆ ಶಿರೂರು ಸಿಗುತ್ತದೆ. ಅದರಾಚೆ ಭಟ್ಕಳ. ಬಸ್ಸಿನಲ್ಲಿ ಕುಳಿತವರಿಗೆ ಅಲ್ಲೊಂದು ಜಿಲ್ಲಾ ಗಡಿಯಿದೆ ಎಂಬುದು ತಿಳಿಯುವುದು ರಸ್ತೆ ಬದಿಯ ಫಲಕದಿಂದ ಮಾತ್ರ. ಎರಡೂ ಕಡೆ ಅದೇ ಕಡಲು, ಅದೇ ಮೀನುಗಾರಿಕೆ, ಅದೇ ಮದುವೆ ಸಂಬಂಧಗಳು. ಆದರೆ 2020ರ ಬೇಸಿಗೆಯಲ್ಲಿ ಈ ಮಲಗಿದ್ದ ಗಡಿ ಎದ್ದು ಕುಳಿತಿತು. ವಾಹನಗಳನ್ನು ನಿಲ್ಲಿಸಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಕೇಳಲಾಯಿತು. ಕೊರೊನಾ ಸೋಂಕು ದೇಶದೇಶಗಳ ನಡುವೆ ಮಾಡಿದ್ದನ್ನೇ ಜಿಲ್ಲೆಗಳ ನಡುವೆಯೂ ಮಾಡಿತು.

ಶಿರೂರಿಗೆ ಗಡಿಯ ಅನುಭವ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಬ್ರಿಟಿಷರು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದೊಂದಿಗೆ ಮದ್ರಾಸ್ ಪ್ರಾಂತದಲ್ಲಿ ಉಳಿಯಿತು. ಹೀಗಾಗಿ ಭಟ್ಕಳ ಒಂದು ಪ್ರಾಂತ, ಬೈಂದೂರು ಇನ್ನೊಂದು ಪ್ರಾಂತ. ಅದೇ ಕಾಲದಲ್ಲಿ ದೂರದ ಕಾಸರಗೋಡು ಮಾತ್ರ ಕುಂದಾಪುರದ ಜೊತೆ ಒಂದೇ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಇದು ತಿರುವುಮುರುವಾಯಿತು. ಭಟ್ಕಳ ಮತ್ತು ಬೈಂದೂರು ಒಂದೇ ರಾಜ್ಯಕ್ಕೆ ಬಂದವು. ಕಾಸರಗೋಡು ಕೇರಳಕ್ಕೆ ಹೋಯಿತು. ಯಾರು ನೆರೆಯವರು, ಯಾರು ಹೊರಗಿನವರು ಎಂಬುದನ್ನು ಕಾಗದದ ಮೇಲಿನ ಗೆರೆ ಹೀಗೆ ಬದಲಿಸುತ್ತ ಬಂದಿದೆ.

ರೋಗಕ್ಕೂ ಗಡಿಗೂ ಇರುವ ನಂಟನ್ನು ತಿಳಿಯಲು 1896ಕ್ಕೆ ಹಿಂದಿರುಗಬೇಕು. ಆ ವರ್ಷ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಮುಂಬಯಿಯಿಂದ ಹೊರಟ ಹಡಗುಗಳನ್ನು ಯುರೋಪಿನ ಬಂದರುಗಳು ಅನುಮಾನದಿಂದ ನೋಡತೊಡಗಿದವು. 1897ರಲ್ಲಿ ಇಲ್ಲಿಂದ ಹಜ್ ಯಾತ್ರೆಯನ್ನು ತಡೆಹಿಡಿಯಲಾಯಿತು. ಅದೇ ವರ್ಷ ವೆನಿಸ್ ನಗರದಲ್ಲಿ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಸೇರಿ, ಪ್ಲೇಗ್ ಕಂಡುಬಂದರೆ ಪರಸ್ಪರ ತಿಳಿಸಬೇಕೆಂಬ ಒಪ್ಪಂದಕ್ಕೆ ಬಂದರು. ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದುದೂ 1897ರಲ್ಲೇ. ಮದ್ರಾಸ್ ಪ್ರಾಂತದಲ್ಲಿ, ಸೋಂಕಿರುವ ಊರುಗಳಿಂದ ಬಂದವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಟ್ಟು, ನಿಗಾ ಇಡುವ ಪದ್ಧತಿ ಬಂದಿತು. ನಮ್ಮ ಕಾಲದ ಇ-ಪಾಸಿನ ಅಜ್ಜ ಇದೇ ಎನ್ನಬಹುದು.

ನೂರಿಪ್ಪತ್ತು ವರ್ಷಗಳ ನಂತರವೂ ಸರ್ಕಾರಗಳು ಮೊದಲು ಕೈಹಾಕಿದ್ದು ಇದೇ ಕಾಯಿದೆಗೆ. 2020ರ ಮಾರ್ಚ್‌ನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಸೋಂಕು ಹೆಚ್ಚಾದಾಗ ಕರ್ನಾಟಕ ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಸೋಂಕು ಹರಡದಂತೆ ತಡೆಯುವುದು ತನ್ನ ಕರ್ತವ್ಯ ಎಂಬುದು ಕರ್ನಾಟಕದ ವಾದ. ಆದರೆ ಮಂಜೇಶ್ವರ, ಕಾಸರಗೋಡಿನ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ತಲೆಮಾರುಗಳಿಂದ ಮಂಗಳೂರು. ಡಯಾಲಿಸಿಸ್‌ಗೆ, ಹೃದ್ರೋಗಕ್ಕೆ, ಹೆರಿಗೆಗೆ ಅವರು ಬರುವುದು ಇಲ್ಲಿಗೇ. ಗಡಿ ದಾಟಲಾಗದೆ ಹಲವು ರೋಗಿಗಳು ಪ್ರಾಣ ಬಿಟ್ಟರೆಂದು ಕೇರಳ ದೂರಿತು. ಸತ್ತವರನ್ನು ಕೊಂದದ್ದು ಕೊರೊನಾ ಅಲ್ಲ, ಮುಚ್ಚಿದ ದಾರಿ ಎಂಬ ನೋವು ಗಡಿಯಾಚೆಯ ಕನ್ನಡ ಮನೆಗಳಲ್ಲೂ ಉಳಿಯಿತು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಮತ್ತು ಎರಡೂ ರಾಜ್ಯಗಳು ಕುಳಿತು ಮಾತನಾಡಿ, ಯಾವ ರೋಗಿಯನ್ನು ಹೇಗೆ ಬಿಡಬೇಕು ಎಂಬ ನಿಯಮ ರೂಪಿಸಿಕೊಂಡ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ಗಡಿಯನ್ನು ಪೂರ್ತಿ ತೆರೆಯಬೇಕೇ, ಪೂರ್ತಿ ಮುಚ್ಚಬೇಕೇ ಎಂದು ಜಗಳವಾಡುತ್ತಿದ್ದವರಿಗೆ ನಡುವಿನ ದಾರಿ ಸಿಕ್ಕಿದ್ದು ಹೀಗೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬಂದದ್ದು ಮೇ ತಿಂಗಳಲ್ಲಿ. ಇಲ್ಲಿ ನೆರೆಯವರೆಂದರೆ ಬೇರೆ ರಾಜ್ಯದವರಲ್ಲ, ಮನೆಯವರೇ. ಈ ಭಾಗದ ಎಷ್ಟೋ ಮನೆಗಳು ನಿಂತಿರುವುದು ಬೊಂಬಾಯಿಯ ಹೋಟೆಲುಗಳ ದುಡಿಮೆಯ ಮೇಲೆ. ಹೋಟೆಲುಗಳು ಮುಚ್ಚಿದಾಗ ದುಡಿಯುವವರು ಊರಿನ ದಾರಿ ಹಿಡಿದರು. ಏಪ್ರಿಲ್ ಕೊನೆಯಲ್ಲಿ ಹಸಿರು ವಲಯವಾಗಿದ್ದ ಉಡುಪಿ ಜಿಲ್ಲೆಯಲ್ಲಿ ಸೋಂಕು ಏರಿತು. ಜೂನ್ 2ರಂದು ರಾಜ್ಯದಲ್ಲಿ ವರದಿಯಾದ 388 ಪ್ರಕರಣಗಳಲ್ಲಿ 150 ಈ ಜಿಲ್ಲೆಯವು. ಅವುಗಳಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಮರಳಿದವರದು. ವರ್ಷವರ್ಷ ಹಬ್ಬಕ್ಕೆ, ಕೋಲಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕಳಿಸುತ್ತಿದ್ದ ಮಗ ಶಾಲೆಯ ಕೋಣೆಯಲ್ಲಿ ಕ್ವಾರಂಟೈನಿನಲ್ಲಿದ್ದ. ಅವನನ್ನು ಕಂಡು ಊರು ಹೆದರಿತು. ಹೆದರಿಕೆ ತಪ್ಪೆನ್ನಲಾಗದು. ಆದರೆ ಹೆದರಿಕೆ ಹಗೆಯಾಗಿ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ದೇಶಗಳ ನಡುವೆಯೂ ನಡೆದದ್ದು ಇದೇ. 2021ರ ಜನವರಿ 20ರಂದು ಭಾರತದ ಲಸಿಕೆ ಮೊದಲು ಹೋದದ್ದು ಭೂತಾನ್ ಮತ್ತು ಮಾಲ್ಡೀವ್ಸ್‌ಗೆ. ನೆರೆಯವರು ಕೃತಜ್ಞತೆ ಹೇಳಿದರು. ಕೆಲವೇ ತಿಂಗಳಲ್ಲಿ ಎರಡನೇ ಅಲೆ ಬಂದು ರಫ್ತು ನಿಂತಾಗ, ಮೊದಲ ಡೋಸ್ ಪಡೆದಿದ್ದ ನೇಪಾಳದ ಹಿರಿಯರು ಎರಡನೆಯದಕ್ಕಾಗಿ ಕಾದರು. ಸಂಬಂಧ ಬೆಳೆಸಿದ ಲಸಿಕೆಯೇ ಸಂಬಂಧಕ್ಕೆ ಕಸಿವಿಸಿಯನ್ನೂ ತಂದಿತು. ಇನ್ನೊಂದೆಡೆ ಅದೇ ಮೇ 5ರಂದು ಬಹರೈನ್ ಕೊಟ್ಟ 40 ಟನ್ ದ್ರವ ಆಮ್ಲಜನಕವನ್ನು ಹೊತ್ತು ನೌಕಾಪಡೆಯ ತಲ್ವಾರ್ ನೌಕೆ ನವಮಂಗಳೂರು ಬಂದರಿಗೆ ಬಂದಿತು. ಕರಾವಳಿಯವರು ದುಡಿಯಲು ಹೋಗುವ ಕೊಲ್ಲಿ ನಾಡು ಕಷ್ಟಕಾಲಕ್ಕೆ ಉಸಿರು ಕಳಿಸಿತ್ತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಸಾಂಕ್ರಾಮಿಕ ಬಂದಾಗ ಎಲ್ಲರಿಗಿಂತ ಮೊದಲು ಅನುಮಾನಕ್ಕೆ ಗುರಿಯಾಗುವವನು ನೆರೆಯವನು. ಏಕೆಂದರೆ ಹೆಚ್ಚು ಬಂದು ಹೋಗುವವನು ಅವನೇ. ಕೈಹಿಡಿಯಬೇಕಾದವನೂ ಅವನೇ, ಏಕೆಂದರೆ ಹತ್ತಿರ ಇರುವವನು ಅವನೇ. ಆ ಹೊತ್ತಿನಲ್ಲಿ ಬರಿಯ ಸದ್ಭಾವನೆ ಸಾಲದು ಎಂಬುದನ್ನು ವೆನಿಸ್ ಮತ್ತು ತಲಪಾಡಿ ಎರಡೂ ಹೇಳುತ್ತವೆ. ಆಂಬುಲೆನ್ಸಿಗೆ ಯಾವ ದಾರಿ, ಯಾರ ಪರೀಕ್ಷೆ ಎಲ್ಲಿ, ಮರಳಿ ಬಂದವರಿಗೆ ಯಾವ ಕೋಣೆ ಎಂಬುದು ರೋಗ ಬರುವ ಮೊದಲೇ ತೀರ್ಮಾನವಾಗಿರಬೇಕು. ಶಿರೂರಿನ ಫಲಕ ಈಗ ಮತ್ತೆ ಬರಿಯ ಫಲಕವಾಗಿದೆ. ಮುಂದಿನ ಸಲ ಅಲ್ಲಿ ಏನು ನಡೆಯಬೇಕು ಎಂದು ಯೋಚಿಸಲು ಇದೇ ಸಕಾಲ.